ಸರ್ಕಾರದ ಸಾಲ, ಅಕ್ಕನ ಗೆರಸೆ

ಸರ್ಕಾರದ ಸಾಲದ ಬಗ್ಗೆ ಮಾತನಾಡುವಾಗ ನನ್ನ ಧ್ವನಿ ತಾನಾಗಿಯೇ ದಪ್ಪವಾಗುತ್ತದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಬಜೆಟ್ಟಿನ ಬಗ್ಗೆ ಪಾಠಪುಸ್ತಕದಲ್ಲಿ ಇದ್ದದ್ದು ಎರಡೇ ಪುಟ. ಆ ಬಂಡವಾಳದ ಮೇಲೆ ದಿನಾ ಬೆಳಿಗ್ಗೆ ಬಿ.ಸಿ.ರೋಡಿನ ಹೋಟೆಲಿನಲ್ಲಿ, ಒಂದು ಚಾ ಎರಡು ಬನ್ಸ್ ಮುಗಿಯುವವರೆಗೆ, ರಾಜ್ಯದ ಹಣಕಾಸನ್ನು ನಾನೇ ನಡೆಸುತ್ತಿದ್ದೆ. ಎದುರು ಕುಳಿತವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ನನ್ನ ಮಾತಿನಿಂದಾಗಿ ಆಳವಾದ ಯೋಚನೆಯಲ್ಲಿದ್ದಾರೆ ಎಂದು ತಿಳಿದುಕೊಂಡಿದ್ದೆ.

ಕಳೆದ ವರ್ಷ ಮೂಡುಬಿದಿರೆಯ ಓದುಗರ ಬಳಗವೊಂದು ತನ್ನ ತಿಂಗಳ ಚರ್ಚೆಗೆ ನನ್ನನ್ನು ಕರೆಯಿತು. ಸಾಲ ಮಾಡಿ ಸರ್ಕಾರ ಜನರಿಗೆ ಹಣ ಹಂಚಬಹುದೇ ಎಂಬುದು ವಿಷಯ. ಹಂಚಬಾರದು ಎನ್ನುವ ಪಕ್ಷ ನನ್ನದು. ಒಂದು ವಾರ ಕನ್ನಡಿಯ ಎದುರು ಅಭ್ಯಾಸ ಮಾಡಿದೆ. ‘ವಿತ್ತೀಯ ಕೊರತೆ’ ಎನ್ನುವಾಗ ಕೈ ಎಲ್ಲಿಡಬೇಕೆಂದೂ ತೀರ್ಮಾನವಾಯಿತು. ಖುಷಿ ತಡೆಯಲಾಗದೆ ವಾಮದಪದವಿನ ಅಕ್ಕನಿಗೂ ಫೋನು ಮಾಡಿ ಹೇಳಿದೆ.

ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕ ಹದಿಮೂರನೇ ವಯಸ್ಸಿಗೆ ಬೀಡಿ ಕಟ್ಟಲು ಕುಳಿತವಳು. ನನ್ನ ಕಾಲೇಜಿನ ಫೀಸು ಬಂದದ್ದು ಅವಳ ಮಡಿಲ ಮೇಲಿನ, ಎಲೆ ಹೊಗೆಸೊಪ್ಪು ಹರಡಿದ ಗೆರಸೆಯಿಂದ. ನಾನು ಮಾಡಿದ ಸಹಾಯವೆಂದರೆ ಚಿಕ್ಕವನಿದ್ದಾಗ ಬೀಡಿಯ ತಲೆ ಮಡಚಿಕೊಟ್ಟದ್ದು, ಅದೂ ಬೈಸಿಕೊಂಡು.

ಚರ್ಚೆಯ ದಿನ ನಾನು ಯಾರನ್ನೂ ಬಿಡಲಿಲ್ಲ. ಮನೆಯ ಯಜಮಾನಿಯ ಖಾತೆಗೆ ಬರುವ ಎರಡು ಸಾವಿರವನ್ನು ಝಾಡಿಸಿದೆ. ಪುಕ್ಕಟೆ ಹಣ ಬಂದರೆ ಜನ ಕೆಲಸ ಬಿಡುತ್ತಾರೆ, ಈ ಸಾಲವನ್ನು ನಮ್ಮ ಮೊಮ್ಮಕ್ಕಳು ತೀರಿಸಬೇಕು ಎಂದೆ. ಸರ್ಕಾರಿ ಬಸ್ಸಿನ ಉಚಿತ ಟಿಕೇಟಿಗೂ ಛೀಮಾರಿ ಹಾಕಿದೆ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಎದುರಿಗೆ ಕುಳಿತ ಹೆಂಗಸರೆಲ್ಲ ದುಡ್ಡು ಕೊಟ್ಟೇ ಬಂದಿದ್ದರು ಎಂಬುದು ಆಗ ಹೊಳೆಯಲಿಲ್ಲ. ನನ್ನ ಪಿಂಚಣಿ ಬರುವುದೂ ಅದೇ ಖಜಾನೆಯಿಂದ ಎಂಬುದಂತೂ ಹೊಳೆಯಲೇ ಇಲ್ಲ. ಎದುರು ಪಕ್ಷದ ಉಪನ್ಯಾಸಕಿ, ಸಾಲ ಎಷ್ಟು ಎನ್ನುವುದರ ಜೊತೆಗೆ ಯಾತಕ್ಕೆ ಎಂಬುದನ್ನೂ ನೋಡಬೇಕು ಎಂದು ಸಮಾಧಾನದಲ್ಲಿ ವಿವರಿಸುತ್ತಿದ್ದರು. ನಾನು ನನಗೆ ಬಿದ್ದ ಚಪ್ಪಾಳೆಯನ್ನು ನೆನೆಸಿಕೊಳ್ಳುತ್ತಿದ್ದೆ.

ಕೊನೆಯ ಸಾಲಿನಲ್ಲಿ ಅಕ್ಕ ಕುಳಿತಿದ್ದಳು. ವಾಪಸು ಬರುವಾಗ ಇಬ್ಬರಿಗೂ ಒಂದೇ ಬಸ್ಸು. ಹೊಗಳಿಕೆಗೆ ಕಾದೆ.

"ನೀನು ಹೇಳಿದ್ದು ಸರಿ ಉಂಟು. ನಾಳೆಯಿಂದ ನಾನು ಪುನಃ ಬೀಡಿ ಸುರು ಮಾಡ್ತೇನೆ" ಎಂದಳು.

"ಪುನಃ ಅಂದ್ರೆ? ಬಿಟ್ಟಿದ್ಯಾ?"

"ಐದು ತಿಂಗಳಾಯ್ತು. ಈ ಕೆಮ್ಮಿಗೆ ಹೊಗೆಸೊಪ್ಪಿನ ಧೂಳು ಆಗ್ಲಿಕ್ಕಿಲ್ಲ ಅಂದ್ರು ಡಾಕ್ಟ್ರು. ಎರಡು ಸಾವಿರ ಬರ್ತದಲ್ಲ, ಹೇಗೋ ನಡೀತದೆ ಅಂತ ಬಿಟ್ಟೆ. ನಿನ್ನ ಮೊಮ್ಮಕ್ಕಳ ತಲೆ ಮೇಲೆ ನನ್ನ ಸಾಲ ಯಾಕೆ?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನನ್ನ ಮಾತನ್ನು ನಂಬಿ ಹೇಳಿದ್ದಳು. ಇಷ್ಟು ವರ್ಷ ಪಾಠ ಮಾಡಿ, ಹೋಟೆಲಿನಲ್ಲಿ ಗಂಟಲು ಹರಿದುಕೊಂಡು ಒಬ್ಬರ ಮನಸ್ಸನ್ನೂ ಬದಲಿಸಲಾಗದ ನಾನು ಕೊನೆಗೂ ಒಬ್ಬರನ್ನು ಒಪ್ಪಿಸಿದ್ದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮರುದಿನ ಹೋಟೆಲಿಗೆ ಹೋಗದೆ ಸೀದಾ ಅವಳ ಮನೆಗೆ ಹೋದೆ. ಮೂಗಿಗೆ ಬೈರಾಸು ಕಟ್ಟಿಕೊಂಡು ಜಗಲಿಯಲ್ಲಿ ಬೀಡಿಯ ಎಲೆ ಕತ್ತರಿಸುತ್ತಿದ್ದಳು.

"ಅಕ್ಕಾ, ಅದು ಚರ್ಚೆ. ಅಲ್ಲಿ ಒಂದು ಪಕ್ಷ ಹಿಡಿದು ಮಾತಾಡ್ಬೇಕಾಗ್ತದೆ."

"ಅಷ್ಟು ಜನರ ಎದುರು ಮೈಕಿನಲ್ಲಿ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ತಪ್ಪು."

"ಹಾಗಾದ್ರೆ ಅಲ್ಲೇ ಹೇಳು ಮಾರಾಯ. ಇಲ್ಲಿ ನನ್ನನ್ನು ಕಂಡು ಪಾಪ ಅನಿಸಿ ಹೇಳ್ತಿದ್ದಿ ಅಂತ ನನಗೆ ಗೊತ್ತಾಗುದಿಲ್ವಾ?" ಎಂದು ನಕ್ಕಳು. ನಗು ಅರ್ಧದಲ್ಲೇ ಕೆಮ್ಮಾಯಿತು. ಅದು ನಿಲ್ಲುವವರೆಗೆ ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ.

ಬಳಗದವರಿಗೆ ಫೋನು ಮಾಡಿದೆ.

"ಮುಂದಿನ ತಿಂಗಳ ವಿಷಯ ಪ್ಲಾಸ್ಟಿಕ್, ಸರ್."

"ಪ್ಲಾಸ್ಟಿಕ್ಕೇ ಆಗ್ಲಿ, ನಾನು ಬರ್ತೇನೆ" ಎಂದೆ. ಆ ಒಂದು ತಿಂಗಳು ಅಕ್ಕ ಬೀಡಿ ಕಟ್ಟಿದಳು.

ಚರ್ಚೆಯ ದಿನ ಎರಡು ನಿಮಿಷ ಪ್ಲಾಸ್ಟಿಕ್ಕಿನ ವಿರುದ್ಧ ಮಾತನಾಡಿದೆ. ಆಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜು ಹಿಡಿದುಕೊಂಡೆ. "ಹಣ ಬಂದರೆ ಜನ ಕೆಲಸ ಬಿಡುತ್ತಾರೆ ಎಂದು ಕಳೆದ ಸಲ ಇಲ್ಲೇ ಹೇಳಿದ್ದೆ. ಹಾಗೆ ಬಿಟ್ಟವಳೊಬ್ಬಳು ನನ್ನ ಅಕ್ಕ. ಅವಳು ಇನ್ನೂ ಮೊದಲೇ ಬಿಡಬೇಕಿತ್ತು. ಆದರೆ ಆಗ ಬಿಟ್ಟಿದ್ದರೆ ನಾನು ಓದುತ್ತಿರಲಿಲ್ಲ, ಇಲ್ಲಿ ನಿಂತು ಇದನ್ನೆಲ್ಲ ಹೇಳುತ್ತಲೂ ಇರಲಿಲ್ಲ. ನಾನು ಹೇಳಿದ್ದು ತಪ್ಪು."

ಅಧ್ಯಕ್ಷರು ಗಂಟೆ ಬಾರಿಸಿದರು. ಇದಕ್ಕೂ ಪ್ಲಾಸ್ಟಿಕ್ಕಿಗೂ ಏನು ಸಂಬಂಧ ಎಂದು ಯಾರೋ ಕೇಳಿದರು. ಈ ಸಲ ಚಪ್ಪಾಳೆ ಬೀಳಲಿಲ್ಲ. ಕೊನೆಯ ಸಾಲಿನಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಎರಡು ದಿನ ಬಿಟ್ಟು ಅವಳ ಮನೆಗೆ ಹೋದೆ. ಬೀಡಿಯ ಗೆರಸೆ ಅಂಗಳದ ಬಿಸಿಲಿನಲ್ಲಿತ್ತು. ಅದರ ತುಂಬ ಕೆಂಪು ಮೆಣಸು ಒಣಗಲು ಹಾಕಿದ್ದಳು.