ತೂಕದ ರೂಮಿನ ಇಂದ್ರಾಣಿ
ಪುಟ್ಟೇನಹಳ್ಳಿಯ ನಮ್ಮ ಮಂಡಿನೋವಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಈಗ ತೂಕ ಇಳಿಸುವ ವಿಭಾಗವೂ ಶುರುವಾಗಿದೆ. ಅದರ ಯಜಮಾನಿ ನರ್ಸ್ ಇಂದ್ರಾಣಿ. ಅವಳ ಮೆಷಿನ್ನು ಹತ್ತದೆ ಯಾರೂ ಡಾಕ್ಟರ ಮುಖ ನೋಡುವ ಹಾಗಿಲ್ಲ. ನಾವು ಹೆಂಗಸರು ಬಳೆ, ವಾಚು, ಸೆರಗಿನ ಪಿನ್ನು ಕೂಡ ಬಿಚ್ಚಿಟ್ಟು, ಉಸಿರು ಹಿಡಿದು ಹತ್ತುತ್ತೇವೆ. “ಉಸಿರು ಬಿಡಿ ಆಂಟಿ, ಗಾಳಿಗೆ ತೂಕ ಇಲ್ಲ” ಎನ್ನುತ್ತಾಳೆ. ಅರ್ಧ ಕಿಲೋ ಏರಿದ್ದರೆ, “ಯಾರ ಮನೆ ಮದ್ವೆ ಊಟ?” ಎಂದು ಬೀದಿಗೆ ಕೇಳುವ ಹಾಗೆ ವಿಚಾರಿಸುತ್ತಾಳೆ. ರಿಟೈರಾದ ಪೊಲೀಸರೊಬ್ಬರು ಅವಳ ಮುಂದೆ ನಿಂತು ಮೂರು ಹೋಳಿಗೆ ತಿಂದದ್ದನ್ನು ಒಪ್ಪಿಕೊಂಡಿದ್ದಾರೆ. ಮೊನ್ನೆ ನನ್ನ ತೂಕ ಒಂದೇ ತಿಂಗಳಲ್ಲಿ ಐದು ಕಿಲೋ ಇಳಿದಿತ್ತು. “ನಮಗೂ ಆ ಗುಟ್ಟು ಹೇಳ್ಕೊಡಿ” ಎಂದರು ಹಿಂದೆ ನಿಂತಿದ್ದ ಮೀನಾಕ್ಷಮ್ಮ. ಇಂದ್ರಾಣಿ ನಗಲಿಲ್ಲ, ನನ್ನನ್ನು ಇಳಿಸಿ ಮತ್ತೊಮ್ಮೆ ಹತ್ತಿಸಿದಳು. “ಊಟ ಬಿಟ್ರಾ ಅಮ್ಮ?” “ಇಲ್ಲಮ್ಮ, ದಿನಾ ಎರಡು ಮುದ್ದೆ.” “ವಾಕಿಂಗು?” “ಈ ಮಂಡೀಲಿ ಎಲ್ಲಿ ವಾಕಿಂಗು?” ಸಾಲನ್ನೆಲ್ಲ ಕಾಯಲು ಬಿಟ್ಟು, ಅವಳೇ ನನ್ನ ಕೈ ಹಿಡಿದು ಡಾಕ್ಟರ ಬಾಗಿಲಿಗೆ ಕರೆದೊಯ್ದಳು. “ಏನೂ ಇರಲ್ಲ ಅಮ್ಮ, ಸುಮ್ನೆ ಒಂದ್ಸಲ ತೋರ್ಸೋಣ” ಎಂದು ಮೆಲ್ಲಗೆ ಹೇಳಿದಳು. ಹಿಡಿದ ಅವಳ ಅಂಗೈ ಬೆವತು ಒದ್ದೆಯಾಗಿತ್ತು.