ಹಾಡುವ ಮೊದಲು ಬಾಯಿ ನೋಡಿದರು

ನಾನು ನಿಂತದ್ದು ಸವದತ್ತಿಯ ಒಂದು ಶಾಲೆಯ ಪಡಸಾಲೆಯಲ್ಲಿ, ಮೂರನೆಯ ಕಂಬದ ಪಕ್ಕ. ತೀರ್ಪುಗಾರರ ಮೇಜಿನಿಂದ ಹೆಚ್ಚೆಂದರೆ ಆರು ಹೆಜ್ಜೆ. 2003ರ ಮಳೆಗಾಲ ಕಳೆದ ಮೇಲಿನ ಒಂದು ಶನಿವಾರ, ಊಟದ ಬಿಡುವಿಗೆ ಸ್ವಲ್ಪ ಮೊದಲು. ಪ್ರಾಥಮಿಕ ಶಾಲೆಗಳ ಗಾಯನ ಸ್ಪರ್ಧೆ ನಡೆದಿತ್ತು. ಸಿರಸಂಗಿ ಕಡೆಯ ಹಳ್ಳಿಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ ನಾನು ನಾಲ್ವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಮೂವರು ಹಾಡಿ ಕುಳಿತಿದ್ದರು. ಉಳಿದವಳು ನಾಲ್ಕನೆಯ ತರಗತಿಯ ಹುಡುಗಿ. ಮೇಲಿನ ಸಾ ಮುಟ್ಟಲು ಬೇರೆ ಮಕ್ಕಳು ಕತ್ತು ಚಾಚುತ್ತಿದ್ದರು. ಇವಳು ನಿಂತ ಹಾಗೇ ಮುಟ್ಟುತ್ತಿದ್ದಳು. ಸರದಿ ಬಂದಾಗ ಶ್ರುತಿ ನೋಡಿಕೊಳ್ಳಲು ಒಮ್ಮೆ ಆ ಸಾ ಹಿಡಿದಳು. ಬೇರೊಂದು ಶಾಲೆಯ ಮಾಸ್ತರರು ಎದ್ದು ನಿಂತರು.

"ಇದು ನಾಕನೇ ಇಯತ್ತೆ ಹುಡುಗಿ ದನಿ ಅಲ್ರಿ. ಹೈಸ್ಕೂಲಿನಾಕಿನ್ನ ತಂದಾರ."

ಅದು ನಿಜವೆಂದಾದರೆ ಅವಳನ್ನು ಹಾಡಲು ಬಿಡುತ್ತಿರಲಿಲ್ಲ. ಹಿರಿಯ ತೀರ್ಪುಗಾರರು ನಮ್ಮ ಯಾದಿ ನೋಡಿದರು. ನಾಲ್ವರ ಹುಟ್ಟಿದ ದಿನವೂ ಜೂನ್ ಒಂದು.

"ಏನ್ರಿ ಮಾಸ್ತರ, ನಿಮ್ಮೂರಾಗ ಹಡಿಯೂದು ಜೂನ್ ಒಂದಕ್ಕಷ್ಟ ಏನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಾಯಂದಿರಿಗೆ ತಾರೀಖು ಗೊತ್ತಿಲ್ಲದಿದ್ದರೆ ಜೂನ್ ಒಂದು ಎಂದು ಬರೆಯುವುದು ನಮ್ಮ ಶಾಲೆಗಳ ರೂಢಿ. ನಕ್ಕವರ ಯಾದಿಗಳಲ್ಲೂ ಅದೇ ಇದ್ದಿರಬೇಕು. ಆದರೆ ಈ ಹುಡುಗಿ ನಡುವರ್ಷದಲ್ಲಿ ಸೇರಿದವಳು. "ಜ್ವಾಳ ಕೊಯ್ಯೂ ಮುಂದ ಹುಟ್ಟ್ಯಾಳ್ರಿ" ಎಂದಷ್ಟೇ ತಾಯಿ ಹೇಳಿದ್ದಳು. ಯಾವ ವರ್ಷದ ಜೋಳ ಎಂದು ಯಾರೂ ಕೇಳಿರಲಿಲ್ಲ. ಆ ಧ್ವನಿಯ ಬಗ್ಗೆ ನನಗೂ ಒಳಗೊಳಗೆ ಸಂಶಯವಿತ್ತು.

"ಹಲ್ಲು ನೋಡ್ರಿ, ತಿಳೀತದ" ಎಂದರು ಆ ಮಾಸ್ತರರು, ದನದ ಸಂತೆಯಲ್ಲಿ ಹೇಳುವ ಹಾಗೆ. ಅದೂ ಚೇಷ್ಟೆಯೆಂದೇ ತಿಳಿದೆ. ಹಿರಿಯ ತೀರ್ಪುಗಾರರು ಎದ್ದು ಬಂದು ಎಡಗೈಯಿಂದ ಅವಳ ಗದ್ದ ಎತ್ತಿದರು.

"ಆ ಅನ್ನವಾ."

ಅವಳು ನನ್ನ ಕಡೆ ನೋಡಿದಳು. ನಾನು ಹೂಂ ಎಂಬಂತೆ ತಲೆಯಾಡಿಸಿದೆ. ಅವರು ಹೆಬ್ಬೆರಳಿನಿಂದ ತುಟಿ ಸರಿಸಿ, ಕೆಳಗಿನ ಹಲ್ಲೊಂದನ್ನು ಅಲುಗಾಡಿಸಿದರು.

"ಹಾಲಹಲ್ಲು ಇನ್ನೂ ಅಳ್ಳಾಡತೈತಿ. ಸಣ್ಣಾಕೀನ ಅದಾಳ. ಹಾಡಸ್ರಿ."

ಹಾರ್ಮೋನಿಯಂನವರು ಸುರ ಹಿಡಿದರು. ಅವಳು ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು. ಸುರ ಎರಡು ಸಲ ನಿಂತು ಮತ್ತೆ ಶುರುವಾಯಿತು. ಅವಳು ಹಾಡಲಿಲ್ಲ. ಅಳಲೂ ಇಲ್ಲ. ಮುಂದಿನ ಶಾಲೆಯನ್ನು ಕರೆದರು.

ಸೋಮವಾರ ಸಂಗೀತದ ತಾಸಿಗೆ ಬಂದು ಸಾಲಿನಲ್ಲಿ ನಿಂತಳು, ತುಟಿ ಕೂಡಿಸಿಕೊಂಡು. ಆ ವರ್ಷವೆಲ್ಲ ಹಾಗೆಯೇ. ಯಾಕೆಂದು ಕೇಳುವ ಮುಖ ನನಗಿರಲಿಲ್ಲ.

ಆ ಹಿರಿಯ ತೀರ್ಪುಗಾರರು ಈಗಿಲ್ಲ. ಸಂಶಯ ಎತ್ತಿದ ಮಾಸ್ತರರು ನಿವೃತ್ತರಾಗಿ ರಾಮದುರ್ಗದಲ್ಲಿದ್ದಾರೆ. ಹಾರ್ಮೋನಿಯಂ ನುಡಿಸಿದವರು ಬೈಲಹೊಂಗಲದಲ್ಲಿದ್ದಾರೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರಿಬ್ಬರೂ ತಿದ್ದಬಹುದು. ನಾನು ತಲೆಯಾಡಿಸಿದ್ದನ್ನು ಮಾತ್ರ ಅವರು ನೋಡಿರಲಾರರು. ಅವರ ಕಣ್ಣು ಅವಳ ಬಾಯಿಯ ಮೇಲಿತ್ತು. ಅದನ್ನು ನೋಡಿದವಳು ಎಂ.ಕೆ. ಹುಬ್ಬಳ್ಳಿಯಲ್ಲಿದ್ದಾಳೆ.