ಹಿಟ್ಟಿನ ಡಬ್ಬಿಯಲ್ಲಿ ಕಾರಿನ ಚಾವಿ

ಹೋದ ಶನಿವಾರ ಸಂಜೆ ನಮ್ಮ ಅತ್ತೆಯವರು ಕಾರಿನ ಚಾವಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟರು. ಕಳ್ಳರ ಭಯಕ್ಕಲ್ಲ. ಮಾವನವರ ಭಯಕ್ಕೆ!

ವಿಷಯ ಇಷ್ಟೇ. ನಮ್ಮ ಕಾರಿಗೆ ಚಳಿ. (ರಾಯಚೂರಿನಲ್ಲಿ ಚಳಿಯಾ ಎಂದು ನಗಬೇಡಿ. ವರ್ಷವಿಡೀ ಬಿಸಿಲಲ್ಲಿ ಹುರಿದುಹೋದವರಿಗೆ ಡಿಸೆಂಬರಿನ ಇಷ್ಟು ಥಂಡಿಯೂ ಕಾಶ್ಮೀರವೇ.) ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನಿಂತಲ್ಲೇ ಗಡಗಡ ನಡುಗುತ್ತದೆ, ಕೆಮ್ಮುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಆಫ್. ಎಂಜಿನ್ ಬಿಸಿಯಾಯಿತೋ, ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ.

ಕಾರು ಮಾವನವರದು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಟೆಕ್ನಿಷಿಯನ್ ಆಗಿದ್ದವರು, ರಿಟೈರ್ ಆದಾಗ ಕೊಂಡದ್ದು. ದಿನಾ ನಸುಕಿನಲ್ಲೇ ಎದ್ದು, ಬಟ್ಟೆ ಹಿಡಿದು, ಅದರ ಸುತ್ತ ಸುತ್ತುತ್ತಾ ಒರೆಸುತ್ತಾರೆ. (ಸೊಸೆಯನ್ನು ಕಾರಿನಷ್ಟು ಚೆನ್ನಾಗಿ ನೋಡಿಕೊಳ್ಳುವುದಿಲ್ಲ ಎಂದು ನಾನು ರೇಗಿಸುವುದುಂಟು.) ಭಾನುವಾರ ಬಂತೆಂದರೆ ಅತ್ತೆಯನ್ನು ಕೂರಿಸಿಕೊಂಡು ಮಾನ್ವಿಗೆ ಹೊರಡುತ್ತಾರೆ. ಅಲ್ಲಿ ಅತ್ತೆಯ ಅಕ್ಕ ಇದ್ದಾರೆ. ಅಕ್ಕತಂಗಿ ಸಂಜೆವರೆಗೂ ಮಾತಾಡುತ್ತಾರೆ, ಮಾವ ಪಡಸಾಲೆಯಲ್ಲಿ ಪೇಪರ್ ಓದಿ ನಿದ್ದೆ ಹೊಡೆಯುತ್ತಾರೆ. ಅತ್ತೆಗೆ ವಾರದಲ್ಲಿ ಅದೊಂದೇ ಹಬ್ಬ.

ಈಗ ಆ ಹಬ್ಬಕ್ಕೇ ಕುತ್ತು ಬಂತು. ಆ ಶನಿವಾರಕ್ಕೂ ಮುಂಚಿನ ಭಾನುವಾರ ಕಾರು ನಮ್ಮ ಗಲ್ಲಿಯ ತುದಿಯಲ್ಲಿ ಆಫ್ ಆಯಿತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದ್ದರಿಂದ ಇಬ್ಬರೂ ಬಚಾವ್. ನನ್ನ ಗಂಡ ಅವತ್ತೇ ಫರ್ಮಾನು ಹೊರಡಿಸಿದರು. "ಅಪ್ಪಾ, ಸಾಕಿನ್ನ ಈ ಗಾಡಿ. ಮಾರಿಬಿಡೂಣು. ಮಾನ್ವಿಗೆ ಬಸ್ ಅದಾವಲ್ಲ?"

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಬಸ್ಸಂತೆ! ನಾನು ದೇವದುರ್ಗದ ಶಾಲೆಗೆ ದಿನಾ ಬಸ್ಸಲ್ಲೇ ಹೋಗಿಬರುವ ಟೀಚರ್. ಬಸ್ಸಿಗಾಗಿ ಎಷ್ಟು ನಿಲ್ಲಬೇಕು, ಬಸ್ಸು ಹತ್ತಿದ ಮೇಲೂ ಎಷ್ಟು ನಿಲ್ಲಬೇಕು ಅಂತ ನನ್ನನ್ನು ಕೇಳಿ. ಈ ವಯಸ್ಸಿನಲ್ಲಿ ಅವರಿಬ್ಬರಿಗೆ ಅದು ಬೇಕೇ? ನಾನಂತೂ ಕಾರಿನ ಪಾರ್ಟಿ.

ರಿಪೇರಿ ಮಾಡಿಸಲಿಲ್ಲವೇ ಅಂತೀರಾ? ಮೆಕ್ಯಾನಿಕ್ ಖಾಜಾಭಾಯಿಯ ಗ್ಯಾರೇಜಿಗೆ ಒಯ್ದರೆ, ಅಷ್ಟು ದೂರ ಓಡಿದ ಎಂಜಿನ್ ಬಿಸಿಯಾಗಿ ರೋಗವೇ ಮಾಯ. "ಠಂಡಾ ಇದ್ದಾಗ ನೋಡ್ಬೇಕ್ರೀ ಸಾಬ್. ಮುಂಜಾನಿ ನಾನೇ ಮನಿಗೆ ಬರ್ತೀನಿ" ಎಂದರು. ಬಂದರು. ಸ್ಟಾರ್ಟ್ ಮಾಡಿದರೆ ನಡುಕವೇ ಇಲ್ಲ! ಇನ್ನೊಂದು ದಿನ ಬಂದರು. ಆಗಲೂ ಇಲ್ಲ. ಕೊನೆಗೆ ಅನುಮಾನ ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು.

"ಸಾಬ್, ನಾ ಬರೂಕಿಂತ ಮೊದ್ಲೇ ಸ್ಟಾರ್ಟ್ ಮಾಡಿದ್ರೇನ್ರಿ?"

"ಮತ್ತ? ಮಂದಿ ಬರೂ ಹೊತ್ತಿಗಿ ಮಷಿನ್ ತಣ್ಣಗ ಇಡತಾರೇನು? ವಾರ್ಮಪ್ ಮಾಡೇ ಕೈಗಿ ಕೊಡಬೇಕು!" ಎಂದರು ಮಾವ, ಎದೆಯುಬ್ಬಿಸಿ.

ಬಾಯ್ಲರ್ ಮುಂದೆ ಆಯುಷ್ಯ ಕಳೆದವರು ನೋಡಿ. ತಣ್ಣನೆಯ ಮಷಿನನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಅವರ ಲೆಕ್ಕದಲ್ಲಿ ಅವಮರ್ಯಾದೆ. ಆದರೆ ಜ್ವರದ ಮಾತ್ರೆ ನುಂಗಿಸಿ, ಮೈ ತಣ್ಣಗಾದ ಮೇಲೆ ಡಾಕ್ಟರನ್ನು ಕರೆದರೆ ಅವರಾದರೂ ಏನು ಹೇಳಬೇಕು?

ಅದಕ್ಕೇ ಹಿಟ್ಟಿನ ಡಬ್ಬಿ. "ನಾಳಿ ಖಾಜಾಭಾಯಿ ಬರೂತನ ಗಾಡಿ ಯಾರೂ ಮುಟ್ಟಂಗಿಲ್ಲ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು.

ಭಾನುವಾರ ನಸುಕು. ಪಡಸಾಲೆಯ ಮಂಚದಿಂದಲೇ ಮಾವ ಗೋಡೆಯ ಗೂಟಕ್ಕೆ ಕೈ ಚಾಚಿದರು. ದಿಂಬಿನಡಿ ತಡಕಿದರು. "ಏನಲೇ, ಚಾವಿ ಎಲ್ಲದ?"

"ನಂಗೇನ್ ಗೊತ್ರೀ? ಮಲಕೋರಿ" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಮಾವ ಸಿಟ್ಟಿಗೆ ಮಂಚ ಬಿಟ್ಟು ಏಳಲೇ ಇಲ್ಲ. ಕಾರು ಒರೆಸುವುದೂ ಬಂದ್.

ಖಾಜಾಭಾಯಿ ಬಂದರು. ಅತ್ತೆ ಚಾವಿಗೆ ಮೆತ್ತಿದ ಹಿಟ್ಟನ್ನು ಒರೆಸಿ ಕೊಟ್ಟರು. ಸ್ಟಾರ್ಟ್ ಮಾಡಿದ್ದೇ ತಡ, ಕಾರು ಗಡಗಡ ನಡುಗಿತು. ಖಾಜಾಭಾಯಿಯ ಮುಖದಲ್ಲಿ ಮದುಮಗನ ಕಳೆ! "ಹಾಂ, ಈಗ ಬಂತ್ ನೋಡ್ರಿ!"

ಬಗ್ಗಿ ಕಿವಿಗೊಟ್ಟರು. ಎಲ್ಲಿಂದಲೋ ಸುಸ್ ಎನ್ನುವ ಸದ್ದು. ಎಂಜಿನ್ ಹಿಂದಿನ ಒಂದು ಸಣ್ಣ ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿ ಹಿಡಿದರು. ನಡುಕ ನಿಂತಿತು. ಬೆರಳು ತೆಗೆದರು. ಮತ್ತೆ ಗಡಗಡ.

"ಪೈಪ್ ಸೀಳ್ಯದ್ರೀ ಅಮ್ಮಾ. ಥಂಡಿಗಿ ರಬ್ಬರ್ ಬಿರುಸಾಗಿ ಬಾಯಿ ಬಿಡತದ, ಗಾಳಿ ಹೊಕ್ಕತದ. ಬಿಸಿ ಆತಂದ್ರ ಮೆತ್ತಗಾಗಿ ತಾನೇ ಕೂಡತದ. ಎಂಜಿನ್ ಫಸ್ಟ್ ಕ್ಲಾಸ್ ಅದ."

"ನಾ ಹೇಳಿದ್ದಿಲ್ಲೇನು?" ಎಂದು ಬಾಗಿಲಲ್ಲಿ ಮಾವನವರ ದನಿ ಕೇಳಿತು.

ತಿರುಗಿ ನೋಡಿದೆವು. ಮಾವ ಗೋಡೆ ಹಿಡಿದು ಬರುತ್ತಿದ್ದರು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಇನ್ನೊಂದು ಹೆಜ್ಜೆ. ಹೊಸ್ತಿಲು ದಾಟಲು ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. ಮೊಣಕಾಲು ನಡುಗುತ್ತಿದ್ದವು.

ಅವರನ್ನು ಹೀಗೆ ನಾವು ಯಾರೂ ನೋಡಿರಲೇ ಇಲ್ಲ. ಹೇಗೆ ನೋಡುವುದು? ನಾವು ಕಣ್ಣು ಬಿಡುವ ಹೊತ್ತಿಗೆ ಅವರು ಕಾರಿನ ಮೇಲೆ ಕೈ ಊರಿ, ಒರೆಸುವ ನೆಪದಲ್ಲಿ ಸುತ್ತು ಹಾಕಿ, ಕಾಲು ಸಡಿಲ ಮಾಡಿಕೊಂಡು ಮುಗಿಸಿರುತ್ತಿದ್ದರು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಅವರ ತೋಳು ಹಿಡಿದರು.

ಖಾಜಾಭಾಯಿ ಹೊಸ ಪೈಪ್ ಹಾಕಿದರು. ಕಾರು ಮಾರುವ ಮಾತನ್ನು ಯಾರೂ ಎತ್ತಲಿಲ್ಲ. "ಇವತ್ತ ಮಾನ್ವಿಗಿ ನಾನೇ ಬಿಡತೀನಿ, ನೀ ಬಾಜೂಕ ಕುಂದ್ರಪಾ" ಎಂದ ನನ್ನ ಗಂಡ, ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದರು.

ಮಾವನಿಗೆ ರೇಗಿತು. "ಯಾಕ? ಹೋದ ತಿಂಗಳೇ ತೋರ್ಸೀನಿ. ಮಧ್ಯಾಹ್ನ ಹೋಗಿದ್ದೆ. ಆ ತುದಿಯಿಂದ ಈ ತುದಿಗಿ ನಡೆಸಿ ನೋಡಿದ್ರು. ಏನೂ ಆಗಿಲ್ಲ ಅಂದ್ರು."

ಅತ್ತೆ ಹಿಡಿದ ತೋಳು ಬಿಡದೆ ಕೇಳಿದರು: "ಅಲ್ಲಿಗೂ ವಾರ್ಮಪ್ ಆಗೇ ಹೋಗಿದ್ರೇನ್ರಿ?"